ದೋಣಿಯಿಲ್ಲದ ಎಂಜಿನ್ನಿನ ಎಡ-ಬಲ

೧೯೪೬ರ ಬೇಸಿಗೆಯಲ್ಲಿ ನಾನು ಧಾರವಾಡದ ಒಂದು ಹೆಂಗಸರ ಆಸ್ಪತ್ರೆಯಲ್ಲಿ ಪ್ರಯೋಗಶಾಲೆಯ ಸಹಾಯಕಿಯಾಗಿದ್ದೆ. ರಸಾಯನಶಾಸ್ತ್ರದಲ್ಲಿ ಬಿ.ಎಸ್‌ಸಿ. ಮುಗಿಸಿ ಒಂದು ವರ್ಷವಾಗಿತ್ತು. ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ರೋಗಿಗಳ ರಕ್ತ, ಮೂತ್ರಗಳ ಪರೀಕ್ಷೆಯ ಜೊತೆಗೆ ಆಸ್ಪತ್ರೆಯ ನೀರಿನ ಪರೀಕ್ಷೆಯೂ ನನ್ನ ಪಾಲಿಗೆ ಬಂದಿತ್ತು. ದಿನಕ್ಕೆ ಎರಡು ಸಲ ನೀರಿನ ಮಾದರಿ ತೆಗೆಯುವುದು, ಎಷ್ಟು ಬ್ಲೀಚಿಂಗ್ ಪೌಡರ್ ಹಾಕಬೇಕೆಂದು ಲೆಕ್ಕ ಹಾಕಿ ಬರೆದು ಕೊಡುವುದು. ಅಷ್ಟೇ ಆಗಿದ್ದರೆ ಎಂಜಿನ್ನಿಗೂ ನನಗೂ ಯಾವ ಸಂಬಂಧವೂ ಬರುತ್ತಿರಲಿಲ್ಲ.

ಆಸ್ಪತ್ರೆಯ ನೀರು ಬರುತ್ತಿದ್ದುದು ಸಪ್ತಾಪುರದ ಆಚೆಗಿನ ಒಂದು ಸಣ್ಣ ಕೆರೆಯಿಂದ. ದಂಡೆಯ ಮೇಲೆ ಪಂಪ್ ಹೌಸ್ ಇತ್ತು. ಅದರಲ್ಲಿದ್ದ ಎಂಜಿನ್ನು ದೋಣಿಯದು. ಯುದ್ಧ ಮುಗಿದ ಮೇಲೆ ಮುಂಬಯಿಯ ಬಂದರಿನಲ್ಲಿ ಮಿಲಿಟರಿಯ ಹೆಚ್ಚುವರಿ ಸಾಮಾನುಗಳನ್ನು ಮಾರುವಾಗ ನಮ್ಮ ಟ್ರಸ್ಟಿನವರು ಅದನ್ನು ಕೊಂಡು ತಂದಿದ್ದರು. ಯಾವುದೋ ಲಾಂಚಿನ ಹೊಟ್ಟೆಯೊಳಗೆ ಕೂತು ಅದನ್ನು ನಡೆಸುತ್ತಿದ್ದ ನಾಲ್ಕು ಸಿಲಿಂಡರಿನ ಅಮೆರಿಕನ್ ಎಂಜಿನ್ನು ಈಗ ಸಿಮೆಂಟಿನ ಕಟ್ಟೆಯ ಮೇಲೆ ಕೂತು, ಪಟ್ಟಾ ಎಂಬ ಉದ್ದನೆಯ ಬೆಲ್ಟಿನ ಮೂಲಕ ದೊಡ್ಡ ಪಂಪನ್ನು ತಿರುಗಿಸಿ ಆಸ್ಪತ್ರೆಯ ಮೇಲಿನ ಟಾಕಿಗೆ ನೀರು ಏರಿಸುತ್ತಿತ್ತು.

ಓದುಗರಿಗೆ ಒಂದು ವಿಷಯವನ್ನು ಮೊದಲೇ ತಿಳಿಸಬೇಕು. ಮೋಟಾರುಗಾಡಿಯ ಎಂಜಿನ್ನು ತನ್ನ ರೇಡಿಯೇಟರಿನ ನೀರನ್ನೇ ಸುತ್ತಿಸಿ ತಂಪಾಗುತ್ತದೆ. ದೋಣಿಯ ಎಂಜಿನ್ನಿಗೆ ರೇಡಿಯೇಟರ್ ಇರುವುದಿಲ್ಲ; ಸುತ್ತಲೂ ನೀರೇ ಇರುವುದರಿಂದ ಅದನ್ನೇ ಒಂದು ಸಣ್ಣ ಪಂಪು ಎಳೆದುಕೊಂಡು, ಎಂಜಿನ್ನಿನ ಮೈಯೊಳಗೆ ಹರಿಸಿ, ಹೊರಗೆ ಚೆಲ್ಲುತ್ತದೆ. ಈ ಸಣ್ಣ ಪಂಪಿನ ಹಿತ್ತಾಳೆಯ ಗೂಡಿನಲ್ಲಿ ಇಂಪೆಲರ್ ಎಂಬ ರಬ್ಬರಿನ ಚಕ್ರವಿರುತ್ತದೆ. ನಮ್ಮದು ಎರಡೂಕಾಲು ಇಂಚು ಅಗಲದ್ದು, ಆರು ಎಸಳಿನದು. ಗೂಡಿನ ಒಂದು ಬದಿ ಒಳಕ್ಕೆ ಉಬ್ಬಿರುತ್ತದೆ. ಅಲ್ಲಿಗೆ ಬಂದಾಗ ಎಸಳುಗಳು ಬಗ್ಗುತ್ತವೆ, ದಾಟಿದ ಮೇಲೆ ನೆಟ್ಟಗಾಗುತ್ತವೆ. ನೆಟ್ಟಗಾಗುವಾಗ ನೀರನ್ನು ಎಳೆದುಕೊಳ್ಳುತ್ತವೆ. ನೀರಿಲ್ಲದೆ ಒಂದೆರಡು ನಿಮಿಷ ತಿರುಗಿದರೆ ರಬ್ಬರು ಸುಟ್ಟು ಹರಿಯುತ್ತದೆ. ನಮ್ಮಲ್ಲಿ ಆದದ್ದೂ ಅದೇ. ಮಾರ್ಚ್ ಕೊನೆಯ ವಾರ ಕೆರೆಯ ನೀರು ಹಿಂದೆ ಸರಿದು, ಎಳೆಯುವ ಪೈಪಿನ ಬಾಯಿ ಗಾಳಿಗೆ ಬಿದ್ದಿತ್ತು. ಎಂಜಿನ್ ನೋಡಿಕೊಳ್ಳುವ ಬಸಪ್ಪ ವಾಸನೆ ಬಂದ ಕೂಡಲೇ ನಿಲ್ಲಿಸಿದ್ದ. ಎಂಜಿನ್ನು ಉಳಿಯಿತು, ಇಂಪೆಲರ್ ಉಳಿಯಲಿಲ್ಲ.

ಆ ವರ್ಷ ಫೆಬ್ರುವರಿಯಲ್ಲಿ ನನ್ನ ತಂದೆ ತೀರಿಕೊಂಡಿದ್ದರು. ಹದಿನಾಲ್ಕನೆಯ ದಿನಕ್ಕೆ ನಾನು ಕೆಲಸಕ್ಕೆ ಮರಳಿದೆ. ಮಾಡಬೇಕಾದ ಕೆಲಸಗಳನ್ನೆಲ್ಲ ಮಾಡುತ್ತಿದ್ದೆ. ಊಟದ ರುಚಿ ತಿಳಿಯುತ್ತಿರಲಿಲ್ಲ, ಅಳುವೂ ಬರುತ್ತಿರಲಿಲ್ಲ. ಈ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯುವ ಅಗತ್ಯವಿಲ್ಲ. ಮುಂದೆ ಒಂದು ಕಡೆ ಇದರ ಪ್ರಸ್ತಾಪ ಬರುವುದರಿಂದ ಹೇಳಿದೆ.

ರಿಪೇರಿಗೆ ಹುಬ್ಬಳ್ಳಿಯಿಂದ ಹುಸೇನಸಾಬರನ್ನು ಕರೆಸಿದರು. ಐವತ್ತರ ಆಸುಪಾಸಿನ ಮಿಸ್ತ್ರಿ. ಅವರ ತಂದೆ ಎತ್ತಿನ ಗಾಡಿ ಮಾಡುತ್ತಿದ್ದರಂತೆ. ಇವರು ಹುಬ್ಬಳ್ಳಿಯಲ್ಲಿ ಹತ್ತಿಯಿಂದ ಬೀಜ ಬೇರ್ಪಡಿಸುವ ಮೂರು ಜಿನ್ನುಗಳ ಎಂಜಿನ್ ನೋಡಿಕೊಳ್ಳುತ್ತಿದ್ದರು. ಅವರ ಮನೆ ನಡೆಯುತ್ತಿದ್ದುದು ಆ ಮೂರು ಜಿನ್ನುಗಳಿಂದಲೇ. ಎಂಜಿನ್ನಿನ ಇಂಗ್ಲಿಷ್ ಕೈಪಿಡಿಯನ್ನು ಓದಿ ಹೇಳಲು ಬೇರೆ ಯಾರೂ ಬಿಡುವಾಗಿಲ್ಲವೆಂದು ನನ್ನನ್ನು ಪಂಪ್ ಹೌಸಿಗೆ ಕಳಿಸಿದರು.

ಹುಸೇನಸಾಬರು ಪಂಪಿನ ಮುಚ್ಚಳದ ಆರು ತಿರುಪು ಬಿಚ್ಚಿದರು. ಒಳಗೆ ಎಸಳುಗಳು ಬುಡದಿಂದಲೇ ಕಿತ್ತು ಹೋಗಿದ್ದವು.

"ಆರು ತುಣುಕೂ ಸಿಗಬೇಕ್ರಿ ಬಾಯಾರ. ಒಂದು ಒಳಗ ಉಳಿದರೂ ನೀರಿನ ಹಾದಿ ಕಟ್ಟತೈತಿ" ಎಂದರು.

ನಾನು ನೆಲದ ಮೇಲೆ ಕಾಗದ ಹಾಸಿ ಸಿಕ್ಕ ಚೂರುಗಳನ್ನು ಜೋಡಿಸುತ್ತ ಹೋದೆ. ಐದು ಎಸಳು ಪೂರ್ಣವಾದವು. ಆರನೆಯದು ಇಲ್ಲ. ಬಸಪ್ಪ ಎದ್ದು ನಿಂತ.

"ಸಾಕ್ ಬಿಡ್ರಿ ಕಾಕಾ, ಕೆರಿ ಪಾಲಾಗಿರಬೇಕು."

"ಕೆರಿ ಪಾಲಾಗಿದ್ದು ನಿನ್ನ ಬುದ್ಧಿ. ಆ ಡೊಂಕ ಪೈಪ್ ಬಿಚ್ಚು."

ಪೈಪಿನ ತಿರುವಿನಲ್ಲಿ ಆರನೆಯ ಎಸಳು ಸಿಕ್ಕಿತು. ಹುಸೇನಸಾಬರು ಅದನ್ನು ಕಾಗದದ ಮೇಲೆ ತಾವೇ ಜೋಡಿಸಿ, ನನ್ನ ಕಡೆ ನೋಡಿ, "ಈಗ ಬರಕೊಳ್ರಿ, ಆರು" ಎಂದರು. ನಾನು ಬರೆದುಕೊಂಡೆ.

ಹೊಸ ರಬ್ಬರ್ ಚಕ್ರ ಮುಂಬಯಿಯಲ್ಲಿ ಇರಲಿಲ್ಲ. ತರಿಸಿಕೊಡಲು ಮೂರು ತಿಂಗಳು ಬೇಕೆಂದು ತಂತಿ ಬಂತು. ಟ್ರಸ್ಟಿನ ಕಾರ್ಯದರ್ಶಿ, ನಿವೃತ್ತ ಮಾಮಲೇದಾರರು, ಪಂಪ್ ಹೌಸಿನ ಬಾಗಿಲಲ್ಲಿ ನಿಂತು ಅದನ್ನು ಓದಿದರು. ಅವರನ್ನು ಎಲ್ಲರೂ ರಾಯರು ಎಂದೇ ಕರೆಯುತ್ತಿದ್ದರು.

"ಮೂರ ತಿಂಗಳಿಗೆ ಮಳಿನs ಬರತೈತ್ರಿ ರಾಯರ. ಆವಾಗ ಮುಗಲಿಗೇ ಒಂದು ಪೈಪ್ ಹಚ್ಚಿದರಾತು" ಎಂದರು ಹುಸೇನಸಾಬರು. ರಾಯರು ನಗಲಿಲ್ಲ. ಹುಸೇನಸಾಬರು ದನಿ ಬದಲಿಸಿದರು. "ಬಾವಿ ನೀರು ಎತ್ತೂ ಕಪಲಿಗೆ ಹಾಕತಾರಲ್ರಿ ಚರ್ಮ, ಅದರಾಗ ಎಸಳು ಮಾಡತೇನ್ರಿ. ನೀರಾಗ ಇರಾಕಂತನs ಹದಾ ಮಾಡಿದ ಚರ್ಮ ಅದು."

"ಆಸ್ಪತ್ರಿ ನೀರಿಗೆ ಚರ್ಮ ಹಾಕ್ತೀ ಏನು?"

ಇಲ್ಲಿ ನಾನು ಮಾತಾಡಿದೆ. ಎಂಜಿನ್ನನ್ನು ತಂಪು ಮಾಡುವ ನೀರು ಬೇರೆ ಪೈಪಿನಲ್ಲಿ ಹೋಗಿ ಕೆರೆಯ ಕೆಳ ಮೂಲೆಗೆ ಬೀಳುತ್ತದೆ, ಟಾಕಿಗೆ ಹೋಗುವ ನೀರಿಗೆ ಇದು ತಾಕುವುದಿಲ್ಲ ಎಂದು ವಿವರಿಸಿದೆ. ರಾಯರು ತಂತಿಯನ್ನು ಮಡಚಿ ಜೇಬಿಗೆ ಹಾಕಿಕೊಂಡರು.

"ಆತು, ಮಾಡು. ಕೆಟ್ಟರ?"

"ಕೆಟ್ಟರ ನನ್ನ ಹೆಸರು ಕೆಡತೈತ್ರಿ."

"ಅದು ತಾನs ಕೆಡೂದು ಬ್ಯಾಡ, ನಾನs ಕೆಡಸ್ತೀನಿ. ಈ ಕಂಪೌಂಡಿನಾಗ ನಿನ್ನ ಕಾಲು ಇಡಗೊಡೂದಿಲ್ಲ. ನಿನ್ನ ಮೂರೂ ಜಿನ್ನಿನ ಮಾಲಕರಿಗೂ ಬರೀತೀನಿ, ಹಿಂಗಿಂಥಾ ಮನಶಾ ಅಂತ."

ಜಿನ್ನಿನ ಮಾಲಕರು ಮೂವರೂ ರಾಯರಿಗೆ ಬೇಕಾದವರು. ಹುಸೇನಸಾಬರು ತಲೆ ಆಡಿಸಿ ಸಣ್ಣ ಪಂಪನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಮೂರೂವರೆಯ ಪ್ಯಾಸೆಂಜರ್ ಗಾಡಿಗೆ ಹೊರಟರು.

ಏಪ್ರಿಲ್ ಐದರಂದು ಅವರಿಂದ ನನ್ನ ಹೆಸರಿಗೆ ಒಂದು ಕಾರ್ಡು ಬಂತು. ಅಕ್ಷರ ದೊಡ್ಡವು, ಒಂದೊಂದೂ ಬೇರೆ ಬೇರೆ ನಿಂತಂತೆ ಇದ್ದವು. "ಪಂಪಿನ ದಂಡ ಯಾವ ಕಡೆ ತಿರಗತೈತಿ, ಲಗೂ ಬರದ ತಿಳಸಬೇಕು. ಎಸಳು ಬಗ್ಗಸೂದು ಅದರ ಮ್ಯಾಲ ಐತಿ." ಇದರ ಅರ್ಥ ಇಷ್ಟು. ದಂಡವೆಂದರೆ ಇಂಪೆಲರನ್ನು ತಿರುಗಿಸುವ ಉಕ್ಕಿನ ಸರಳು. ರಬ್ಬರಿನ ಎಸಳು ಯಾವ ಕಡೆಗಾದರೂ ಬಗ್ಗುತ್ತದೆ. ಚರ್ಮದ್ದು ಹಾಗಲ್ಲ. ಅದನ್ನು ನೆನೆಸಿ, ಮರದ ಅಚ್ಚಿನಲ್ಲಿ ಒಂದು ಕಡೆಗೆ ಬಾಗಿಸಿ ಎರಡು ದಿನ ಒಣಗಿಸಿ, ಔಡಲೆಣ್ಣೆ ಕುಡಿಸಬೇಕು. ಒಮ್ಮೆ ಬಾಗಿದ್ದು ಇನ್ನೊಂದು ಕಡೆಗೆ ಬಾಗುವುದಿಲ್ಲ. ಎಂಜಿನ್ನು ಧಾರವಾಡದಲ್ಲಿ, ಪಂಪು ಹುಬ್ಬಳ್ಳಿಯಲ್ಲಿ. ನಡುವೆ ಹದಿಮೂರು ಮೈಲಿ.

ನಾನು ಕೈಪಿಡಿ ತೆಗೆದೆ. ಆ ವಾಕ್ಯ ಇವತ್ತಿಗೂ ನನಗೆ ಬಾಯಿಪಾಠವಾಗಿದೆ. ಕನ್ನಡದಲ್ಲಿ ಹೇಳುವುದಾದರೆ: "ತಂಪು ನೀರಿನ ಪಂಪಿನ ದಂಡವು, ನೌಕೆಯ ಮುಂತುದಿಯ ಕಡೆಯಿಂದ ನೋಡಿದಾಗ, ಬಲಕ್ಕೆ ತಿರುಗುತ್ತದೆ." ನಾನು ಒಂದು ಹಾಳೆಯ ಮೇಲೆ ಬರೆದೆ: "ಪಂಪಿನ ದಂಡ ಬಲಕ್ಕೆ ತಿರುಗುತ್ತದೆ. ಇದು ಕೈಪಿಡಿಯಲ್ಲಿ ಇರುವಂತೆ." ಕೆಳಗೆ ಸಹಿ, ತಾರೀಖು. ನಡುವಿನ ಮಾತನ್ನು ಬಿಟ್ಟೆ. ನಮ್ಮಲ್ಲಿ ನೌಕೆಯೇ ಇಲ್ಲ. ಮುಂತುದಿ ಎಲ್ಲಿಂದ ಬರಬೇಕು? ಹುಬ್ಬಳ್ಳಿಯ ಮಿಸ್ತ್ರಿಗೆ ಅದನ್ನು ಬರೆದು ಗೊಂದಲ ಮಾಡುವುದೇಕೆ ಎನಿಸಿತು. ಪಂಪ್ ಹೌಸ್ ನನ್ನ ಕೋಣೆಯಿಂದ ದೂರವೇನಿರಲಿಲ್ಲ, ನಡೆದರೆ ಹತ್ತು ನಿಮಿಷ. ಹೋಗಿ ಹ್ಯಾಂಡಲ್ ತಿರುಗಿಸಿ, ಪಂಪು ಕಳಚಿದ ಜಾಗದಲ್ಲಿ ಇಣುಕಿ ನೋಡಬಹುದಿತ್ತು. ಹೋಗಲಿಲ್ಲ. ಅಚ್ಚಾದ ಪುಸ್ತಕದಲ್ಲಿ ಇದೆಯಲ್ಲ ಎಂದುಕೊಂಡೆ.

ಹತ್ತನೆಯ ತಾರೀಖು ಹುಸೇನಸಾಬರು ಪಂಪಿನೊಂದಿಗೆ ಬಂದರು. ಚರ್ಮದ ಇಂಪೆಲರ್ ಚೆನ್ನಾಗಿ ಆಗಿತ್ತು. ನಡುವಿನ ಹಿತ್ತಾಳೆಯ ಗುಂಬಕ್ಕೆ ಆರು ಸೀಳು ಕೊರೆದು, ಆರು ಎಸಳು ಕೂರಿಸಿ, ತಾಮ್ರದ ಮೊಳೆ ಹೊಡೆದಿದ್ದರು. ಎಸಳೆಲ್ಲ ಒಂದೇ ಕಡೆಗೆ ಬಾಗಿ, ಕೈಯಲ್ಲಿ ಹಿಡಿದರೆ ಅರಳಲು ಹೊರಟ ಹೂವಿನಂತಿತ್ತು. ರಾಯರೂ ಬಂದು ನೋಡಿದರು. ಪಂಪು ಕೂರಿಸಿ, ಬಾಯಿಗೆ ಒಂದು ತಂಬಿಗೆ ನೀರು ಹೊಯ್ದು, ಬಸಪ್ಪ ಹ್ಯಾಂಡಲ್ ಹೊಡೆದ. ಎಂಜಿನ್ ಹತ್ತಿತು.

ತಂಪು ನೀರು ಹೊರಬೀಳುವ ಪೈಪಿನ ಬಾಯಿ ಕಣ್ಣಿಗೆ ಕಾಣುವಂತಿರಲಿಲ್ಲ. ಎಣ್ಣೆ ಬೆರೆತ ಬಿಸಿನೀರು ಬಟ್ಟೆ ಒಗೆಯುವ ಮೆಟ್ಟಿಲಿಗೆ ಬೀಳುತ್ತದೆಂದು ಹೆಂಗಸರು ದೂರಿದ್ದರಿಂದ ಕೆಲವು ತಿಂಗಳ ಹಿಂದೆ ಅದನ್ನು ಉದ್ದ ಮಾಡಿ ನೀರಿನೊಳಗೆ ಮುಳುಗಿಸಿದ್ದರು. ನೀರು ಹರಿಯುತ್ತಿದೆಯೋ ಇಲ್ಲವೋ ಎಂಬುದನ್ನು ಬಸಪ್ಪ ಪೈಪನ್ನು ಮುಟ್ಟಿ ತಿಳಿಯುತ್ತಿದ್ದ. ಅಂದೂ ಮುಟ್ಟಿದ.

"ಬೆಚ್ಚಗ ಐತ್ರಿ ಕಾಕಾ, ಹೊಂಟೈತಿ ನೀರು."

ಪೈಪು ಬೆಚ್ಚಗಾಗಿದ್ದು ನೀರಿನಿಂದಲ್ಲ, ಎಂಜಿನ್ನಿನ ಕಾವಿನಿಂದ. ಅದು ನಮಗೆ ತಿಳಿಯುವ ಹೊತ್ತಿಗೆ ಸುಮಾರು ಎಂಟು ನಿಮಿಷಗಳಾಗಿದ್ದವು. ಮೊದಲು ಬಣ್ಣ ಸುಟ್ಟ ವಾಸನೆ ಬಂತು. ಆಮೇಲೆ ಎಂಜಿನ್ನಿನ ಸದ್ದು ಭಾರವಾಯಿತು, ಕುಟ್ಟಿದಂತಾಯಿತು. ಬಸಪ್ಪ ಎಣ್ಣೆ ಬಂದ್ ಮಾಡುವಷ್ಟರಲ್ಲಿ ಅದೇ ನಿಂತುಬಿಟ್ಟಿತು. ಹುಸೇನಸಾಬರು ಪೈಪಿನ ಜೋಡಣೆಯನ್ನು ಸಡಿಲಿಸಲು ಹೋದರು. ಒಳಗೆ ಉಳಿದಿದ್ದ ಅಷ್ಟಿಷ್ಟು ನೀರು ಆವಿಯಾಗಿ ಅವರ ಎಡಗೈಯ ಮೇಲೆ ಮೊಣಕೈತನಕ ಹೊಡೆಯಿತು. ಅವರು ಕೂಗಲಿಲ್ಲ. ಕೈಯನ್ನು ಮೈಯಿಂದ ದೂರ ಹಿಡಿದು ಗೋಡೆಗೆ ಒರಗಿ ಕೂತರು. ನಾನು ಅವರನ್ನು ಆಸ್ಪತ್ರೆಯ ಡ್ರೆಸ್ಸಿಂಗ್ ಕೋಣೆಗೆ ಕರೆದುಕೊಂಡು ಹೋದೆ. ಹೋಗುವ ದಾರಿಯಲ್ಲಿ ಮಧ್ಯಾಹ್ನದ ಮಾದರಿ ತೆಗೆಯುವ ಹೊತ್ತಾಗಿದೆ ಎಂಬುದೊಂದೇ ನನ್ನ ತಲೆಯಲ್ಲಿತ್ತು.

ಸಿಲಿಂಡರಿನ ಮೇಲಿನ ಎರಕದ ಹೆಡ್ಡಿನಲ್ಲಿ ನಾಲ್ಕು ಇಂಚು ಉದ್ದದ ಬಿರುಕು ಬಿಟ್ಟಿತ್ತು. ಅಂದು ಸಂಜೆಯಿಂದ ಎತ್ತಿನ ಗಾಡಿಗಳಲ್ಲಿ ಪೀಪಾಯಿ ಇಟ್ಟು ನೀರು ತರಿಸಲು ಆರಂಭಿಸಿದರು. ರಾಯರು ಹೇಳಿದಂತೆಯೇ ಮಾಡಿದರು. ಮೂರು ಜಿನ್ನುಗಳಿಗೂ ಅದೇ ದಿನ ಪತ್ರ ಹೋಯಿತು: ಈ ಮಿಸ್ತ್ರಿ ಎಂಜಿನ್ನಿಗೆ ಚರ್ಮ ತುರುಕಿ ಹಾಳು ಮಾಡಿದ್ದಾನೆ, ನಂಬಿಕೆಗೆ ಯೋಗ್ಯನಲ್ಲ. ತನ್ನ ಹತ್ಯಾರಗಳನ್ನು ಒಯ್ಯಲು ಮಾತ್ರ ಅವನನ್ನು ಒಮ್ಮೆ ಒಳಗೆ ಬಿಡಬೇಕು ಎಂದು ಕಾವಲುಗಾರನಿಗೆ ಅಪ್ಪಣೆಯಾಯಿತು.

ಮರುದಿನ ಬೆಳಿಗ್ಗೆ ಅವರು ಬಂದಾಗ ನಾನು ಕೆರೆಯ ದಂಡೆಯಲ್ಲಿ ಪೀಪಾಯಿಗಳ ನೀರನ್ನು ಪರೀಕ್ಷಿಸುತ್ತಿದ್ದೆ. ಎಡಗೈಗೆ ಬ್ಯಾಂಡೇಜು ಇತ್ತು. ಬಸಪ್ಪನಿಂದ ತಿರುಪು ಬಿಚ್ಚಿಸಿ, ಒಂದೇ ಕೈಯಲ್ಲಿ ಪಂಪಿನ ಮುಚ್ಚಳ ತೆಗೆದರು. ಎಸಳುಗಳು ಹರಿದಿರಲಿಲ್ಲ. ಎಲ್ಲವೂ ಬಾಗಿದ್ದ ಕಡೆಗೆ ವಿರುದ್ಧವಾಗಿ ಮಡಚಿ, ಒಂದರ ಮೇಲೊಂದು ಬಿದ್ದು, ಗುಂಬಕ್ಕೆ ಅಂಟಿಕೊಂಡಿದ್ದವು. ಅವರು ಬಹಳ ಹೊತ್ತು ನೋಡಿದರು. ಆಮೇಲೆ ಬಸಪ್ಪನಿಗೆ ಹ್ಯಾಂಡಲ್ ಅನ್ನು ನಿಧಾನವಾಗಿ ತಿರುವಲು ಹೇಳಿದರು. ಬಿಗಿ ಹಿಡಿದಿದ್ದ ಎಂಜಿನ್ನು ಅರ್ಧ ಸುತ್ತು ಬಂತು.

"ಬಾಯಾರ, ಇಲ್ಲಿ ಬರ್ರಿ. ನೀವು ಬಲಕ್ಕ ಅಂತ ಬರದಿದ್ರಿ. ಇದು ಎಡಕ್ಕ ತಿರಗಾಕತ್ತೈತಲ್ರಿ. ಎಲ್ಲಿಂದ ನೋಡಿ ಬಲಕ್ಕ?"

ನಾನು ಕೈಪಿಡಿ ತಂದು ಆ ವಾಕ್ಯವನ್ನು ಪೂರ್ತಿಯಾಗಿ ಓದಿ, ಅರ್ಥ ಹೇಳಿದೆ. ನೌಕೆಯ ಮುಂತುದಿ ಎಂದರೇನೆಂದು ಕೇಳಿದರು. ದೋಣಿ ಸಾಗುವಾಗ ನೀರನ್ನು ಸೀಳಿಕೊಂಡು ಮುಂದೆ ಹೋಗುವ ತುದಿ ಎಂದೆ. ಅವರು ಎಂಜಿನ್ನಿನ ಎರಡೂ ಕಡೆ ನೋಡಿದರು. ನಮ್ಮ ಪಂಪಿನ ಮುಚ್ಚಳ ಇದ್ದುದು ಹಿಂತುದಿಯ ಕಡೆಗೆ, ದೋಣಿಯಲ್ಲಿ ನೀರು ತಳ್ಳುವ ಪಂಖ ಇರುತ್ತಿದ್ದ, ಈಗ ಪಟ್ಟಾ ಇರುವ ಕಡೆಗೆ. ಮುಚ್ಚಳ ತೆಗೆದು ನೋಡುವವನು ಹಿಂದೆ ನಿಂತಿರುತ್ತಾನೆ. ಗೋಡೆ ಗಡಿಯಾರವನ್ನು ಹಿಂಬದಿಯಿಂದ ನೋಡಲು ಬರುವಂತಿದ್ದರೆ ಮುಳ್ಳು ಎಡಕ್ಕೆ ತಿರುಗುವುದು ಕಾಣುತ್ತದಲ್ಲ, ಹಾಗೆ.

"ಅಂದರ ಎತ್ತಿನ ಮಾರಿ ಕಡೆಯಿಂದ ನೋಡ್ಯಾರ ಅನ್ರಿ!" ಎಂದರು ಹುಸೇನಸಾಬರು. ಆ ಸ್ಥಿತಿಯಲ್ಲೂ ಅವರಿಗೆ ನಗು ಬಂತು. "ಗಾಡಿ ಹೊಡಿಯಾವ ಎಲ್ಲಿ ಕುಂತಿರತಾನ್ರಿ? ಹಿಂದ. ಬಲಗೋಲಿನ ಎತ್ತು ಅಂದರ ಅವನ ಬಲಕ್ಕ ಇದ್ದದ್ದು. ಎತ್ತಿನ ಎದುರಿಗೆ ನಿಂತು ಯಾರರೆ ಬಲಗೋಲು ಅಂತಾರೇನ್ರಿ? ಈ ಅಮೆರಿಕಾದವರಿಗೆ ಗಾಡಿ ಹೊಡಿಯಾಕ ಬರೂದಿಲ್ಲ ಕಾಣಸತೈತಿ."

ಬಸಪ್ಪ ನಕ್ಕ. ನಾನು ನಗಲಿಲ್ಲ. ಬರೆದರೆ ಮಿಸ್ತ್ರಿಗೆ ಗೊಂದಲವಾಗುತ್ತದೆ ಎಂದು ನಾನು ಬಿಟ್ಟ ಮಾತಿಗೆ ಅವರು ಕೇಳಿದ ಕೂಡಲೇ ಕನ್ನಡ ಹಚ್ಚಿದ್ದರು. ಎತ್ತಿನ ಮುಖದ ಕಡೆಯಿಂದ. ಅಷ್ಟು ಬರೆದಿದ್ದರೆ ಸಾಕಿತ್ತು.

ಅವರು ಕೋಟಿನ ಒಳಜೇಬಿನಿಂದ ಮಡಚಿದ ನನ್ನ ಹಾಳೆಯನ್ನು ತೆಗೆದು ನನ್ನ ಮುಂದೆ ಹಿಡಿದರು.

"ಇದನ್ನ ನೀವು ಇಟ್ಕೊಳ್ರಿ. ನನ್ನ ಕಡೆ ಇದ್ದರ ಇವತ್ತಲ್ಲ ನಾಳೆ ಯಾರರೆ ನೋಡತಾರ. ನಿಮ್ಮದು ಹೊಸಾ ನೌಕರಿ."

"ನಿಮ್ಮ ಜಿನ್ನಿನ ಕೆಲಸ?"

"ನಂದೂ ತಪ್ಪೈತ್ರಿ. ಎಲ್ಲಿಂದ ಅಂತ ಕೇಳಬೇಕಿತ್ತು. ಕೇಳಲಿಲ್ಲ."

ನಾನು ಹಾಳೆ ತೆಗೆದುಕೊಂಡೆ. ಇದನ್ನು ಮರೆಮಾಚದೆ ಬರೆಯುತ್ತಿದ್ದೇನೆ. ಅದನ್ನು ನೀರಿನ ಪರೀಕ್ಷೆಯ ರಿಜಿಸ್ಟರಿನೊಳಗೆ ಇಟ್ಟೆ. ಎರಡು ದಿನ ಅಲ್ಲೇ ಇತ್ತು. ದಿನಕ್ಕೆ ಎರಡು ಸಲ ರಿಜಿಸ್ಟರ್ ತೆರೆಯುತ್ತಿದ್ದೆ, ಅಂಕಿ ಬರೆಯುತ್ತಿದ್ದೆ, ಮುಚ್ಚುತ್ತಿದ್ದೆ. ಪಶ್ಚಾತ್ತಾಪವಾಯಿತು, ನಿದ್ದೆ ಬರಲಿಲ್ಲ ಎಂದೆಲ್ಲ ಬರೆಯಬಹುದು. ಹಾಗೇನೂ ಆಗಲಿಲ್ಲ, ನಿದ್ದೆ ಬಂತು. ಮೂರನೆಯ ದಿನ ಮಧ್ಯಾಹ್ನ ಬಸಪ್ಪ ಒಂದು ಸುದ್ದಿ ತಂದ. ಮೂರರಲ್ಲಿ ಒಂದು ಜಿನ್ನಿನವರು ಹುಸೇನಸಾಬರನ್ನು ಗೇಟಿನಿಂದಲೇ ಹಿಂದಕ್ಕೆ ಕಳಿಸಿದ್ದರು. ನಾನು ಅಂದಿನ ಅಂಕಿಗಳನ್ನು ಬರೆದು ಮುಗಿಸಿ, ಹಾಳೆ ಮತ್ತು ಕೈಪಿಡಿ ಎರಡನ್ನೂ ತೆಗೆದುಕೊಂಡು ಕಾರ್ಯದರ್ಶಿಗಳ ಕೋಣೆಗೆ ಹೋದೆ. ಅಲ್ಲಿ ಟ್ರಸ್ಟಿನ ಇನ್ನಿಬ್ಬರು ಸದಸ್ಯರೂ ಇದ್ದರು.

ಎರಡು ಬರಹಗಳನ್ನೂ ಮೇಜಿನ ಮೇಲೆ ಪಕ್ಕಪಕ್ಕದಲ್ಲಿ ಇಟ್ಟೆ. ಬಿಟ್ಟುಹೋದ ಮಾತುಗಳ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆದಿದ್ದೆ. ಚರ್ಮ ಹರಿದಿಲ್ಲ, ಮಿಸ್ತ್ರಿ ನನ್ನ ಬರಹದಂತೆಯೇ ಮಾಡಿದ್ದಾರೆ, ತಪ್ಪು ಬರಹದಲ್ಲಿದೆ ಎಂದು ಹೇಳಿದೆ. ರಾಯರು ಕನ್ನಡಕ ಹಾಕಿಕೊಂಡು ಓದಿದರು, ತೆಗೆದು ಮತ್ತೆ ಹಾಕಿಕೊಂಡು ಓದಿದರು.

"ಸುಶೀಲಾಬಾಯಿ, ತಂದೆಯವರು ಹೋಗಿ ಎರಡು ತಿಂಗಳs ಆಗ್ಯಾವ. ಇಂಥಾದ್ರಾಗ ಮನಸ್ಸು ಸ್ಥಿಮಿತದಾಗ ಇರೂದಿಲ್ಲ. ಒಂದು ಸಾಲು ಕಣ್ಣು ತಪ್ಪಿತು, ಅಷ್ಟs. ಹಂಗಂತ ಬರಕೊಂಡು ಬಿಡೋಣ" ಎಂದರು. ಅವರ ದನಿಯಲ್ಲಿ ಕರುಣೆ ಇತ್ತು. ಉಳಿದ ಇಬ್ಬರೂ ತಲೆಯಾಡಿಸಿದರು. ನಾನು ಒಪ್ಪಿಕೊಂಡಿದ್ದರೆ ಎಲ್ಲರಿಗೂ ಅನುಕೂಲವಾಗುತ್ತಿತ್ತು.

"ಹಂಗಲ್ರಿ. ಆ ಸಾಲು ನಾ ಓದಿದ್ದೆ. ನಮ್ಮಲ್ಲಿ ದೋಣಿ ಇಲ್ಲ, ಇದು ಬ್ಯಾಡ ಅಂತ ನಾನs ಬಿಟ್ಟೆ" ಎಂದೆ.

"ಅಂದರ ಬೇಕಂತನs ಬಿಟ್ರಿ?"

"ಹೌದ್ರಿ."

"ಮಿಸ್ತ್ರಿಗಾದರೂ ಕಣ್ಣು ಇರಲಿಲ್ಲೇನು? ಕೂಡಸೂ ಮೊದಲು ಹ್ಯಾಂಡಲ್ ತಿರುವಿ ನೋಡಬೇಕಿತ್ತು."

"ನೋಡಬೇಕಿತ್ರಿ. ಅವರಿಗಿಂತ ಮೊದಲು ನಾನು ನೋಡಬೇಕಿತ್ತು. ಎಂಜಿನ್ ನನ್ನ ಹತ್ರ ಇತ್ತು, ಅವರ ಹತ್ರ ಇರಲಿಲ್ಲ."

ನನ್ನನ್ನು ಹೊರಗೆ ಕೂರಿಸಿ ಅವರು ಮುಕ್ಕಾಲು ಗಂಟೆ ಮಾತಾಡಿದರು. ನನ್ನ ನೌಕರಿ ಕಾಯಂ ಆಗುವುದನ್ನು ಒಂದು ವರ್ಷ ಮುಂದೂಡಿದರು. ಹುಸೇನಸಾಬರಿಗೆ ಇನ್ನೊಂದು ಅವಕಾಶ ಕೊಡಬೇಕು, ಎಂಜಿನ್ನು ನಡೆದರೆ ಜಿನ್ನುಗಳಿಗೆ ಬರೆದ ಪತ್ರದ ಬಗ್ಗೆ ವಿಚಾರ ಮಾಡಬೇಕು ಎಂದು ತೀರ್ಮಾನವಾಯಿತು. ಅವರನ್ನು ಕರೆಯಲು ಬಸಪ್ಪನೇ ಹುಬ್ಬಳ್ಳಿಗೆ ಹೋದ.

ಬಂದ ಕೂಡಲೇ ಅವರು ನನ್ನನ್ನು ಕೇಳಿದ್ದು ಇಷ್ಟು: "ಯಾಕ ಹೇಳಿದ್ರಿ ಬಾಯಾರ? ಮೊದಲ ಒಬ್ಬಂದು ಹೋಗಿತ್ತು, ಈಗ ಇಬ್ಬರದೂ ಹೋತು." ಆಗಲೇ ಹೆಡ್ಡಿನ ಬಿರುಕಿನ ಮೇಲೆ ಬೆರಳಾಡಿಸುತ್ತಿದ್ದರು.

ಬಿರುಕನ್ನು ಅವರು ಬೆಂಕಿಯಿಲ್ಲದೆ ಮುಚ್ಚಿದರು. ಬಿರುಕಿನ ಉದ್ದಕ್ಕೂ ರಂಧ್ರ ಕೊರೆದು, ತಾಮ್ರದ ಸಣ್ಣ ತಿರುಪುಗಳನ್ನು ಒಂದರ ಅಂಚು ಇನ್ನೊಂದನ್ನು ಕಚ್ಚುವಂತೆ ಕೂರಿಸಿ, ತಲೆ ಕತ್ತರಿಸಿ, ಸುತ್ತಿಗೆಯಿಂದ ತಟ್ಟಿ ಸಮ ಮಾಡಿದರು. ಇಪ್ಪತ್ತಮೂರು ತಿರುಪು ಬೇಕಾದವು. ಬಿಗಿದುಕೊಂಡಿದ್ದ ಪಿಸ್ಟನ್ನುಗಳನ್ನು ಬಿಚ್ಚಿ ಉಜ್ಜಿ ಕೂರಿಸಲು ಇನ್ನೂ ಐದು ದಿನ ಹಿಡಿಯಿತು. ಎಡಗೈಯ ಬೆರಳುಗಳು ಪೂರ್ತಿ ಮಡಚುತ್ತಿರಲಿಲ್ಲ. ಹಿಡಿಯುವ ಕೆಲಸವನ್ನೆಲ್ಲ ಬಸಪ್ಪ ಮಾಡಿದ, ಬೈಸಿಕೊಳ್ಳುತ್ತಲೇ.

ಹೊಸ ಎಸಳುಗಳನ್ನು ಅಚ್ಚಿಗೆ ಹಾಕುವ ಮೊದಲು ಹುಸೇನಸಾಬರು ನನ್ನನ್ನು ಕರೆಸಿದರು. ಎಂಜಿನ್ನಿನ ಮುಂದೆ ನನ್ನನ್ನು ನಿಲ್ಲಿಸಿ, ತಾವು ಹಿಂದೆ, ಪಂಪಿನ ಬಳಿ ಕೂತರು. ಬಸಪ್ಪ ಹ್ಯಾಂಡಲ್ ತಿರುವಿದ.

"ಹೇಳ್ರಿ, ನಿಮಗ ಹೆಂಗ ಕಾಣತೈತಿ?"

"ಬಲಕ್ಕ."

"ನನಗ ಎಡಕ್ಕ. ಬಸ್ಯಾ, ನಿನಗ?"

"ನನಗ ಬರೇ ಕೈ ನೋಯತೈತ್ರಿ ಕಾಕಾ."

ಅಚ್ಚಿನ ಮೇಲೆ ಅವರು ಸೀಮೆಸುಣ್ಣದಿಂದ ಬಾಣದ ಗುರುತು ಹಾಕಿಕೊಂಡರು. ಬಾಣದ ಪಕ್ಕದಲ್ಲಿ ಒಂದು ಸಣ್ಣ ಮನುಷ್ಯನ ಚಿತ್ರವನ್ನೂ ಬರೆದರು. ನೋಡುವವನು ಎಲ್ಲಿ ನಿಂತಿದ್ದಾನೆ ಎಂಬುದಕ್ಕೆ.

ಏಪ್ರಿಲ್ ಇಪ್ಪತ್ತೊಂಬತ್ತರಂದು ಎಂಜಿನ್ನು ಮತ್ತೆ ನಡೆಯಿತು. ಈ ಸಲ ಹೊರಬೀಳುವ ಪೈಪನ್ನು ಕೆರೆಯಿಂದ ಮೇಲೆತ್ತಿ ಎಲ್ಲರಿಗೂ ಕಾಣುವಂತೆ ಇಟ್ಟಿದ್ದರು. ಮೊದಲು ಗಾಳಿ ಬಂತು, ಆಮೇಲೆ ಔಡಲೆಣ್ಣೆಯ ವಾಸನೆಯ ಹನಿಗಳು, ಆಮೇಲೆ ಬಿಡದೆ ನೀರು. ಹುಸೇನಸಾಬರು ಬಲಗೈಯನ್ನು ಅದರ ಕೆಳಗೆ ಹಿಡಿದು ಮೆಲ್ಲಗೆ ಇಪ್ಪತ್ತರವರೆಗೆ ಎಣಿಸಿದರು. ಅಷ್ಟು ಹೊತ್ತು ಕೈ ಇಡಲು ಸಾಧ್ಯವಾದರೆ ಎಂಜಿನ್ನು ಸರಿಯಾಗಿದೆ ಎಂದು ಅರ್ಥ. ನನಗೆ ಸಂತೋಷವಾಯಿತೆಂದು ಬರೆದರೆ ಅದು ನಿಜವಾಗುವುದಿಲ್ಲ. ನೀರು ಬಂತು, ಸಮಯ ಹತ್ತು ಗಂಟೆ ಹನ್ನೆರಡು ನಿಮಿಷ ಎಂದು ಬರೆದುಕೊಂಡೆ.

ಚರ್ಮದ ಆ ಇಂಪೆಲರ್ ಜುಲೈಯಲ್ಲಿ ರಬ್ಬರಿನದು ಬರುವತನಕ ಕೆಲಸ ಮಾಡಿತು. ನಡುವೆ ಒಮ್ಮೆ ಮಾತ್ರ ಎಸಳು ಬದಲಿಸಬೇಕಾಯಿತು.

ಮೇ ಮೊದಲ ವಾರ ರಾಯರು ನನ್ನನ್ನು ಕರೆದು, ಜಿನ್ನುಗಳಿಗೆ ಹೊಸ ಪತ್ರ ಬರೆಯಲು ಹೇಳಿದರು. "ನೀವs ಬರೀರಿ. ಇಂಗ್ಲಿಷು ನಿಮ್ಮದು ಛಲೋ ಅದ. ಹಿಂದಿನ ಪತ್ರ ತಪ್ಪು ತಿಳುವಳಿಕೆಯಿಂದ ಹೋಗಿತ್ತು ಅಂತ ಎರಡು ಸಾಲು ಸಾಕು." ನಾನು ಆರು ಸಾಲು ಬರೆದೆ. ಎಂಜಿನ್ನು ಕೆಟ್ಟದ್ದು ಮಿಸ್ತ್ರಿಯ ಕೆಲಸದಿಂದಲೂ ಅಲ್ಲ, ಚರ್ಮದಿಂದಲೂ ಅಲ್ಲ. ಅವರಿಗೆ ಕೊಟ್ಟ ಲಿಖಿತ ಸೂಚನೆ ಅಪೂರ್ಣವಾಗಿತ್ತು. ಆ ಸೂಚನೆಯನ್ನು ಬರೆದವಳು ಕೆಳಗೆ ಸಹಿ ಮಾಡಿರುವವಳು. ರಾಯರು ಓದಿ, "ಇಷ್ಟೆಲ್ಲಾ ಬೇಕೇನು?" ಎಂದರು. ನಾನು ಪೆನ್ನನ್ನು ಅವರ ಮುಂದೆ ಇಟ್ಟೆ. ಅವರು ಮೂರು ಪ್ರತಿಗೂ ತಮ್ಮ ಸಹಿ ಹಾಕಿದರು. ಅದರ ಕೆಳಗೆ ನಾನು ನನ್ನದು ಹಾಕಿದೆ.

ಎರಡು ಜಿನ್ನಿನವರು ಹುಸೇನಸಾಬರನ್ನು ಮತ್ತೆ ಕರೆಸಿಕೊಂಡರು. ಗೇಟಿನಿಂದ ಹಿಂದಕ್ಕೆ ಕಳಿಸಿದ್ದ ಜಿನ್ನಿನವರು ಅಷ್ಟರಲ್ಲಿ ಬೇರೆ ಮಿಸ್ತ್ರಿಯನ್ನು ಗೊತ್ತು ಮಾಡಿಕೊಂಡಿದ್ದರು. ರಬ್ಬರ್ ಇಂಪೆಲರ್ ಕೂರಿಸಲು ಬಂದಾಗ ಅದರ ಬಗ್ಗೆ ಕೇಳಿದೆ.

"ಅಲ್ಲೇನು ಬಿಡ್ರಿ, ಸಣ್ಣ ಎಂಜಿನ್" ಎಂದರು. ಮೂರರಲ್ಲಿ ದೊಡ್ಡದು ಅದೇ ಎಂದು ಬಸಪ್ಪ ನನಗೆ ಮೊದಲೇ ಹೇಳಿದ್ದ.

ಈಗ ಮೂರು ವರ್ಷಗಳಾದವು. ಅದೇ ಆಸ್ಪತ್ರೆಯಲ್ಲಿದ್ದೇನೆ, ಕಾಯಂ ಆಗಿದ್ದೇನೆ. ನೀರಿನ ವರದಿಯಿರಲಿ, ರಕ್ತದ ವರದಿಯಿರಲಿ, ಮೊದಲ ಸಾಲಿನಲ್ಲಿ ಮಾದರಿಯನ್ನು ಎಲ್ಲಿಂದ, ಎಷ್ಟು ಹೊತ್ತಿಗೆ, ಯಾರು ತೆಗೆದರು ಎಂದು ಬರೆಯುತ್ತೇನೆ. ಫಲಿತಾಂಶ ಆಮೇಲೆ. ಇದು ವ್ಯರ್ಥ ಶ್ರಮವೆಂದು ಹೇಳುವವರಿದ್ದಾರೆ. ಓದುವವರಿಗೆ ಯಾವುದು ಬೇಕು, ಯಾವುದು ಬೇಡ ಎಂದು ಬರೆಯುವವರು ತೀರ್ಮಾನಿಸಬಾರದು ಎಂಬುದನ್ನು ಕಾಲೇಜು ನನಗೆ ಕಲಿಸಿರಲಿಲ್ಲ; ಈ ಕೆಲಸ ಕಲಿಸಿತು. ಹುಸೇನಸಾಬರು ನನ್ನ ಪಕ್ಕದಲ್ಲಿ ನಿಂತು ನೋಡುತ್ತಿದ್ದಾರೆ ಎಂಬಂತೆ ನಾನು ಆ ಹಾಳೆಯನ್ನು ಬರೆದಿದ್ದೆ. ಅವರು ಇದ್ದುದು ಹದಿಮೂರು ಮೈಲಿ ದೂರದಲ್ಲಿ, ಪಂಪಿನ ಇನ್ನೊಂದು ಬದಿಯಲ್ಲಿ.